ಕಿವಿಯಿಲ್ಲದ ಕಾಗದದ ನಾಯಿಗಳು

ಅಳತೆ ತಪ್ಪಿರುವುದು ನನ್ನಿಂದಲೇ ಎಂದು ಮೂರು ದಿನ ನಂಬಿದ್ದೆ. ಸ್ಟೀಲಿನ ಸ್ಕೇಲು ಇಟ್ಟು, ಚೂಪಾದ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಬ್ಲೇಡಿನಿಂದ ಕತ್ತರಿಸಿದ ಹದಿನೈದು ಸೆಂಟಿಮೀಟರಿನ ಚೌಕ ಅದು. ಓರೆಯಾಗಿ ಮಡಚಿದರೆ ಮೂಲೆಯ ಮೇಲೆ ಮೂಲೆ ಕೂರಲೇಬೇಕು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಂಥ ಹತ್ತು ಚೌಕಗಳನ್ನು ಕೆಳಗಿನ ಮನೆಯ ಅಜ್ಜಿಯ ಕೈಗೆ ಕೊಟ್ಟು ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಅವರ ಮಡಿಲಲ್ಲಿ ಹತ್ತು ನಾಯಿಮುಖಗಳಿರುತ್ತಿದ್ದವು. ಕೆಲವಕ್ಕೆ ಕಿವಿಯ ತುದಿ ಇಲ್ಲ, ಉಳಿದವಕ್ಕೆ ಮೂತಿ ಇಲ್ಲ.

ಕಾಗದದ ನಾಯಿ ಕಷ್ಟದ ಪ್ರಾಣಿಯಲ್ಲ. ಚೌಕವನ್ನು ಓರೆಯಾಗಿ ಅರ್ಧಕ್ಕೆ ಮಡಚಿದರೆ ತ್ರಿಕೋನ. ಅದರ ಎರಡು ಪಕ್ಕದ ತುದಿಗಳನ್ನು ಕೆಳಕ್ಕೆ ಬಗ್ಗಿಸಿದರೆ ಕಿವಿಗಳು. ಕೆಳಗಿನ ತುದಿಯನ್ನು ಮೇಲಕ್ಕೆ ತಿರುಗಿಸಿದರೆ ಮೂತಿ. ಒಟ್ಟು ನಾಲ್ಕು ಮಡಿಕೆ. ಕಾಗದಕ್ಕೆ ನಾಲ್ಕು ಮೂಲೆ ಇದ್ದರೆ ಸಾಕು, ಬೇರೆ ಯಾವ ಅರ್ಹತೆಯೂ ಬೇಡ. ಆ ನಾಲ್ಕು ಮೂಲೆಗಳನ್ನು ನಾನು ಎಣಿಸಿ ಕೊಡುತ್ತಿದ್ದೆ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಸ್ಕೇಲನ್ನೇ ಅನುಮಾನಿಸಿ ಕಾಲೇಜಿನ ಇನ್ನೊಂದು ಸ್ಕೇಲಿನ ಪಕ್ಕ ಇಟ್ಟು ನೋಡಿದೆ. ಜಿರಲೆ ತಿನ್ನುತ್ತಿರಬಹುದೇ ಎಂದೂ ಯೋಚಿಸಿದೆ.

ಅಮೃತಹಳ್ಳಿಯ ಆ ಮನೆಯ ಎರಡನೇ ಮಹಡಿಯಲ್ಲಿ ನನ್ನದು ಒಂಟಿ ಕೋಣೆ. ಊರು ಗದಗಿನ ಕಡೆ. ಯಲಹಂಕದ ಹತ್ತಿರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ. ವಿದ್ಯಾರ್ಥಿಗಳಿಗೆ ಪ್ರಯೋಗ ತೋರಿಸುವುದು, ಅವರ ರೆಕಾರ್ಡ್ ಪುಸ್ತಕ ತಿದ್ದುವುದು. ಮನೆ ಹುಡುಕುವಾಗ ನಾನು ಕೇಳಿದ್ದು ಮೂರೇ: ಬಿಸಿಲು ಬರಬೇಕು, ನೀರು ಬರಬೇಕು, ಮೆಟ್ಟಿಲ ಮೇಲೆ ಯಾರೂ ನಿಲ್ಲಿಸಿ ಮಾತನಾಡಿಸಬಾರದು. ಮೊದಲ ಎರಡು ಸಿಕ್ಕವು.

ಮನೆಯವರು ಅದೇ ಹಳ್ಳಿಯ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟುಗಳಿವೆ. ಅಜ್ಜಿಯ ಮಗ ಅವುಗಳಲ್ಲಿ ಎರಡನ್ನು ತಾವೇ ಕಟ್ಟಿಸಿದ್ದಾರೆ. ಯುಗಾದಿ ಕಳೆದ ಮೇಲೆ ಅಜ್ಜಿಗೆ ಸಣ್ಣಗೆ ಲಕ್ವ ಹೊಡೆಯಿತು. ಕಾಲು, ಮಾತು ಬೇಗ ಸರಿಹೋದವು. ಬಲಗೈ ಬೆರಳುಗಳು ಮಾತ್ರ ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಒಂದು ಚಿತ್ರಪುಸ್ತಕ ಕೊಟ್ಟು, ದಿನಾ ಕಾಗದ ಮಡಚಿ ಪ್ರಾಣಿ ಮಾಡಲಿ, ಹೆಬ್ಬೆರಳು ಮತ್ತು ತೋರುಬೆರಳಿನ ಹಿಡಿತ ಬಂದರೆ ಉಳಿದದ್ದು ತಾನಾಗಿ ಬರುತ್ತದೆ ಎಂದಿದ್ದಳಂತೆ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಮಗನಿಗೆ ಪುರಸೊತ್ತಿರಲಿಲ್ಲ. ಸೊಸೆ ಅದನ್ನು ಒಮ್ಮೆ ತಿರುವಿ ಟಿವಿಯ ಮೇಲಿಟ್ಟಿದ್ದರು. ಒಂದು ಸಂಜೆ ನಾನು ಮೆಟ್ಟಿಲು ಹತ್ತುವಾಗ ಬಾಗಿಲಲ್ಲಿ ಕೂತಿದ್ದ ಅಜ್ಜಿ ಅದನ್ನು ನನ್ನತ್ತ ಚಾಚಿದರು.

"ಅವ್ವಾ, ನೀನು ಇಂಗ್ಲೀಸ್ ಓದ್ತೀಯಲ್ಲ. ಇದ್ರಾಗೆ ಏನ್ ಬರ್ದವ್ರೆ ಒಸಿ ಏಳು."

ಐದು ನಿಮಿಷದ ಕೆಲಸ ಅಂದುಕೊಂಡೆ. ಇಡೀ ಆಷಾಢ ಅದರಲ್ಲೇ ಹೋಯಿತು.

ಆಷಾಢ ಎಂದು ಲೆಕ್ಕ ಹಿಡಿದು ಹೇಳಲು ಕಾರಣವಿದೆ. ಆ ಮನೆಗೆ ಕೊನೆಯದಾಗಿ ಉಳಿದಿದ್ದ ಖಾಲಿ ಜಾಗ, ಹಿಂದೆ ದನದ ಕೊಟ್ಟಿಗೆ ಇದ್ದದ್ದು, ಅಜ್ಜಿಯ ಹೆಸರಿನಲ್ಲಿತ್ತು. ಅಲ್ಲಿ ಕಟ್ಟಡ ಕಟ್ಟಲು ಒಬ್ಬರ ಜೊತೆ ಕರಾರು ಆಗಿತ್ತು. ಆಷಾಢದಲ್ಲಿ ಇಂಥ ಪತ್ರ ಯಾರೂ ಮಾಡಿಸುವುದಿಲ್ಲ. ಶ್ರಾವಣದ ಮೊದಲ ಗುರುವಾರ ನೋಂದಣಿ ಎಂದು ದಿನ ಗೊತ್ತಾಗಿತ್ತು. ಅಜ್ಜಿಗೆ ಕರಾರಿನ ಬಗ್ಗೆ ತಕರಾರಿರಲಿಲ್ಲ. ಅವರ ಹಟ ಒಂದೇ: ಆ ಪತ್ರಕ್ಕೆ ತಾನು ಸಹಿ ಹಾಕಬೇಕು, ಹೆಬ್ಬೆಟ್ಟು ಒತ್ತುವುದಿಲ್ಲ.

"ಇವ್ರಪ್ಪ ಒತ್ತಿ ಒತ್ತಿ ಕೆರೆ ಮಗ್ಗುಲು ಒಲ ಎಲ್ಲಾ ಓಯ್ತು," ಎಂದು ಗಂಡನ ಬಗ್ಗೆ ಮೊದಲ ವಾರದಲ್ಲೇ ನನಗೆ ಹೇಳಿದರು. "ಅವ್ರು ಏನ್ ಬರ್ಕಂಡ್ರೋ, ಇವ್ರಿಗೇನ್ ತಿಳೀತು. ಬೆಟ್ಟು ಇಡ್ದು ಒತ್ತುಸ್ಕಂಡ್ರು. ಅವತ್ತೇ ನಾನು ರಾತ್ರಿ ಇಸ್ಕೂಲಿಗೆ ಸೇರ್ಕಂಡೆ. ಎರಡು ವರ್ಸ ಕಣವ್ವಾ, ನಾಕು ಅಕ್ಸರಕ್ಕೆ."

ಆ ನಾಲ್ಕು ಅಕ್ಷರ ಅವರ ಹೆಸರು. ಅವರಿಗೆ ಓದಲು ಬರುವುದಿಲ್ಲ, ಬೇರೇನೂ ಬರೆಯಲು ಬರುವುದಿಲ್ಲ. ಆ ನಾಲ್ಕನ್ನು ಮಾತ್ರ ಮೂವತ್ತು ವರ್ಷದಿಂದ ಸಿಕ್ಕಿದ ಕಡೆಯೆಲ್ಲ ಬರೆಯುತ್ತಾ ಬಂದಿದ್ದರು: ಹಾಲಿನ ಡೈರಿಯ ಪುಸ್ತಕದಲ್ಲಿ, ಮೊಮ್ಮಕ್ಕಳ ಶಾಲೆಯ ಹಾಳೆಗಳಲ್ಲಿ, ಕೊರಿಯರ್ ತಂದವನ ಫೋನಿನ ಗಾಜಿನ ಮೇಲೆ. ಈಗ ಪೆನ್ನು ಬೆರಳ ಸಂದಿಯಿಂದ ಜಾರಿ ಬೀಳುತ್ತಿತ್ತು.

ಮಗ ಒಂದು ದಿನ ಗೇಟಿನ ಹತ್ತಿರ ನನ್ನನ್ನು ಹಿಡಿದರು. "ಮೇಡಂ, ನಮ್ಮವ್ವಂಗೆ ನೀವಾದ್ರೂ ಸ್ವಲ್ಪ ಹೇಳಿ. ಹೆಬ್ಬೆಟ್ಟು ಒತ್ತುದ್ರೆ ಅದೂ ಲೀಗಲ್ಲೇ. ಡಾಕ್ಟ್ರು ಲೆಟ್ರು ಬೇರೆ ಕೊಡ್ತೀನಿ ಅಂದವ್ರೆ. ಇವ್ರು ನೋಡಿದ್ರೆ ನಾಯಿ ಮಾಡ್ಕೊಂಡು ಕೂತವ್ರೆ."

"ನಾನ್ ಹೇಳಿದ್ರೆ ಕೇಳ್ತಾರಾ?" ಎಂದೆ.

"ನಿಮ್ಮ ಮಾತು ಕೇಳ್ತಾರೆ ಮೇಡಂ. ನೀವು ಕಮ್ಮಿ ಮಾತಾಡ್ತೀರಲ್ಲ, ಅದ್ಕೆ."

ಕಡಿಮೆ ಮಾತನಾಡುವವಳ ತಲೆಗೆ ಇಂಥವೆಲ್ಲ ಬಂದು ಬೀಳುತ್ತವೆ ಎಂಬುದು ನನಗೆ ಆ ಮನೆಯಲ್ಲೇ ಗೊತ್ತಾದದ್ದು.

ಕಾಗದ ಕೊಡಲು ಶುರು ಮಾಡಿದ ನಾಲ್ಕನೇ ದಿನ ಭಾನುವಾರ. ಮೂಲೆಗಳ ವಿಷಯ ಇತ್ಯರ್ಥ ಮಾಡಲೇಬೇಕೆಂದು ಅಜ್ಜಿಯ ಎದುರಿಗೆ ಮಣೆ ಹಾಕಿಕೊಂಡು ಕೂತೆ. ಅವರು ಮೊದಲ ಚೌಕವನ್ನು ತೆಗೆದುಕೊಂಡರು. ಸೊಟ್ಟಗಿದ್ದ ಬಲಮುಷ್ಟಿಯನ್ನು ಕಾಗದದ ಮೇಲೆ ಭಾರವಾಗಿ ಇಟ್ಟು, ಎಡಗೈ ಉಗುರಿನಿಂದ ಒಂದು ಮೂಲೆಯನ್ನು ಚಿವುಟಿ ತೆಗೆದರು. ಕಾಗದವನ್ನು ತಿರುಗಿಸಿ ಎದುರು ಮೂಲೆಯನ್ನೂ ಚಿವುಟಿದರು. ಆಮೇಲೆ ಅದರ ಬೆನ್ನನ್ನು ತೊಡೆಯ ಮೇಲಿನ ಸೀರೆಗೆ ಎರಡು ಸಲ ಒರೆಸಿ, ಮಡಚಲು ಶುರು ಮಾಡಿದರು.

"ಅಜ್ಜೀ, ಮೂಲೆ ಯಾಕೆ ಕಿತ್ತಿರಿ?"

"ಯಾವ್ ಮೂಲೆ?"

ಮಡಿಲಲ್ಲಿ ಬಿದ್ದಿದ್ದ ಎರಡು ಚೂರುಗಳನ್ನು ತೋರಿಸಿದೆ. ಬೇರೆ ಯಾರೋ ತಂದು ಹಾಕಿದ ಕಸದ ಹಾಗೆ ಅವರು ಅದನ್ನು ನೋಡಿದರು.

"ತೊಟ್ಟು ತುದಿ ಮುರೀದೆ ಯಾರಾನಾ ಮಡಚ್ತಾರಾ?"

"ಅದು ಎಲೆ ಅಲ್ಲ. ಕಾಗದ."

"ನಂಗ್ ಗೊತ್ತು ಕಣವ್ವಾ. ಕೈಗೆ ಗೊತ್ತಾಗ್ಬ್ಯಾಡ್ವಾ?"

ಐವತ್ತು ವರ್ಷ ಎಲೆ ಅಡಿಕೆ ಹಾಕಿದ ಕೈ ಅದು. ವೀಳ್ಯದೆಲೆ ಕೈಗೆ ಬಂದರೆ ತೊಟ್ಟು ಮುರಿ, ತುದಿ ಮುರಿ, ಬೆನ್ನು ಒರೆಸು, ಆಮೇಲೆ ಮಡಚು. ಲಕ್ವ ಹೊಡೆದ ಮೇಲೆ ಡಾಕ್ಟರು ಹೊಗೆಸೊಪ್ಪು ಬೇಡ ಎಂದಿದ್ದರು. ಸೊಸೆ ಒಂದು ಹೆಜ್ಜೆ ಮುಂದೆ ಹೋಗಿ ಎಲೆ ತಟ್ಟೆಯನ್ನೇ ಅಟ್ಟದ ಮೇಲೆ ಹಾಕಿದ್ದರು. ಮೂರು ತಿಂಗಳಿಂದ ಎಲೆ ಕಾಣದ ಕೈಗೆ ನಾನು ದಿನಾ ಹತ್ತು ಚೌಕ ತಂದುಕೊಡುತ್ತಿದ್ದೆ. ಇದೆಲ್ಲ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ನನ್ನ ಸಿಟ್ಟು ಇಳಿಯಲಿಲ್ಲ. ನಾನು ಮೂರು ದಿನ ಸ್ಕೇಲನ್ನು ಅನುಮಾನಿಸಿದ್ದೆ.

ಹೇಳಿ ನೋಡಿದೆ. ಹೇಳಿದ ಒಂದು ಕಾಗದಕ್ಕೆ ಮೂಲೆ ಉಳಿಯುತ್ತಿತ್ತು, ಮುಂದಿನದಕ್ಕೆ ಇಲ್ಲ. ಕೆಂಪು ಪೆನ್ನಿನಿಂದ ಪ್ರತಿ ಮೂಲೆಗೂ ಚುಕ್ಕೆ ಇಟ್ಟು, "ಚುಕ್ಕೆ ಕಂಡರೆ ಮುಟ್ಟಬೇಡಿ" ಎಂದೆ. ಸಂಜೆ ಬಂದರೆ ಚುಕ್ಕೆಗಳೆಲ್ಲ ಒಂದು ಬಟ್ಟಲಲ್ಲಿ ಪ್ರತ್ಯೇಕವಾಗಿ ಇದ್ದವು. ಕಸ ಗುಡಿಸಲು ಸುಲಭ ಆಯಿತು ಎಂದು ಸೊಸೆ ಹೊಗಳಿದರು.

ಆಗ ನನಗೆ ಒಂದು ಉಪಾಯ ಹೊಳೆಯಿತು; ಉಪಾಯವೆಂದು ಆ ಹೊತ್ತಿಗೆ ಅನಿಸಿತು. ಮದುವೆ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುತ್ತಾರೆ. ಅರಿಶಿನ ಹಚ್ಚಿದ ಮೂಲೆಯನ್ನು ಈ ಕೈ ಚಿವುಟಲಾರದು. ಮರುದಿನ ಬೆಳಿಗ್ಗೆ ಹತ್ತು ಚೌಕಗಳ ಮೂಲೆಗಳಿಗೆ ಅರಿಶಿನ ಕಲಸಿ ಹಚ್ಚಿದೆ. ಬೆರಳು ಹಳದಿಯಾಗಿ, ಲ್ಯಾಬಿನಲ್ಲಿ ಹುಡುಗಿಯರು ಪರಸ್ಪರ ಮುಖ ನೋಡಿಕೊಂಡರು. ಒಬ್ಬಳು "ಮ್ಯಾಮ್, ಎಂಗೇಜ್‌ಮೆಂಟಾ?" ಎಂದಳು. ಬ್ಯೂರೆಟ್ ತೊಳೆ ಎಂದು ಕಳಿಸಿದೆ.

ಸಂಜೆ ಹತ್ತು ಚೌಕಗಳೂ ನಾಲ್ಕು ಮೂಲೆ ಸಮೇತ ಹಾಗೇ ಇದ್ದವು. ಒಂದನ್ನೂ ಮಡಚಿರಲಿಲ್ಲ. ಅಜ್ಜಿ ಅವನ್ನು ಸೊಸೆಯಿಂದ ದೇವರ ಗೂಡಿನಲ್ಲಿ ಇಡಿಸಿದ್ದರು.

"ಮಡಚಲಿಲ್ವಾ?"

"ಅರಿಸ್ನ ಅಚ್ಚಿರೋ ಪತ್ರ ಕಣವ್ವಾ. ಅದ್ರಾಗೆ ನಾಯಿ ಮಾಡ್ತಾರಾ ಯಾರಾದ್ರೂ? ನಿಮ್ಮೂರಾಗೆ ಮಾಡ್ತಾರಾ?"

"ಅಜ್ಜೀ, ಹಂಗಲ್ರೀ. ಅದನ್ನ ನಾನ ಹಚ್ಚೇನಿ," ಎಂದೆ. ತಾಳ್ಮೆ ಮುಗಿದಾಗ ನನಗೆ ಊರಿನ ಮಾತು ಬರುತ್ತದೆ.

"ಅಚ್ಚೇನ್ರೀ," ಎಂದು ಅವರು ನನ್ನ ಧಾಟಿಯಲ್ಲೇ ಹೇಳಿ ಒಬ್ಬರೇ ನಕ್ಕರು. ಆಮೇಲೆ ರಾಜಿಗೆ ಬಂದವರಂತೆ, "ಬೇಕಾದ್ರೆ ಅಸು ಮಾಡಾನ. ಅಸು ಆದ್ರೆ ಅರಿಸ್ನಕ್ಕೆ ಆಯ್ತದೆ," ಎಂದರು.

ಪುಸ್ತಕದಲ್ಲಿ ಹಸು ಇರಲಿಲ್ಲ. ನಾಯಿ, ಬೆಕ್ಕು, ಕಪ್ಪೆ, ಮೊಲ, ಆನೆ ಇದ್ದವು. ಮುಂದಿನ ಭಾನುವಾರ, ನಾನು ತಿದ್ದಬೇಕಾಗಿದ್ದ ರೆಕಾರ್ಡುಗಳನ್ನು ಪಕ್ಕಕ್ಕಿಟ್ಟು, ಒಂದು ಚೌಕ ಕಾಗದದಿಂದ ಹಸು ಮಾಡುವುದು ಹೇಗೆಂದು ಫೋನಿನಲ್ಲಿ ಹುಡುಕಿದೆ. ಇಪ್ಪತ್ತಾರು ಹೆಜ್ಜೆ. ಹದಿನೇಳನೇ ಹೆಜ್ಜೆಯಲ್ಲಿ ಕಾಗದವನ್ನು ಒಳಗೆ ತಳ್ಳಿ ಹೊರಗೆ ಎಳೆಯಬೇಕಿತ್ತು. ಆ ವಿಡಿಯೋದ ಕೈಗಳು ಅದನ್ನು ಒಂದೇ ಕ್ಷಣದಲ್ಲಿ ಮಾಡಿ ಮುಗಿಸುತ್ತಿದ್ದವು. ನಾನು ನಲವತ್ತು ನಿಮಿಷ ತೆಗೆದುಕೊಂಡೆ. ನಾಲ್ಕು ಕಾಲಿನ ಮೇಲೆ ನಿಲ್ಲುವ, ಎರಡು ಕೊಂಬಿನ, ಯಾರು ನೋಡಿದರೂ ಹಸು ಎನ್ನಬಹುದಾದದ್ದು ಕೊನೆಗೂ ಆಯಿತು. ಕೆಳಗೆ ಒಯ್ದು ಅವರ ಮುಂದೆ ನಿಲ್ಲಿಸಿದೆ.

ಅಜ್ಜಿ ಅದನ್ನು ಎತ್ತಿಕೊಂಡು ಮುಂದೆ ನೋಡಿದರು, ಹಿಂದೆ ನೋಡಿದರು, ತಲೆಕೆಳಗು ಮಾಡಿ ಹೊಟ್ಟೆಯ ಕೆಳಗೆ ನೋಡಿದರು.

"ಕೆಚ್ಚಲೆಲ್ಲವ್ವಾ?"

"ಕಾಗದದಲ್ಲಿ ಅಷ್ಟೆಲ್ಲ ಬರಲ್ಲ ಅಜ್ಜಿ."

"ಗೊಡ್ಡು ಅನ್ನು. ಓಗ್ಲಿ ಬುಡು, ಗೋಸಾಲೆಗೆ ಬುಡಾನ."

ಸೊಸೆ ಅಡುಗೆಮನೆಯಿಂದ ಕೇಳಿಸಿಕೊಂಡು ನಕ್ಕ ಸದ್ದು ಬಂತು. ಮೇಲೆ ಬಂದು ಬಾಗಿಲು ಹಾಕಿಕೊಂಡೆ. ಇನ್ನು ಮುಂದೆ ಅರಿಶಿನವೂ ಇಲ್ಲ, ಹಸುವೂ ಇಲ್ಲ, ಮೂಲೆ ಇದ್ದರೆ ಇರಲಿ ಇಲ್ಲದಿದ್ದರೆ ಹೋಗಲಿ, ಹತ್ತು ಕಾಗದ ಕೊಡುವುದಷ್ಟೇ ನನ್ನ ಕೆಲಸ ಎಂದು ತೀರ್ಮಾನಿಸಿದೆ. ಇಂಥ ತೀರ್ಮಾನಗಳನ್ನು ನಾನು ಚೆನ್ನಾಗಿ ಪಾಲಿಸುತ್ತೇನೆ. ಎರಡು ವಾರ ಬೆಳಿಗ್ಗೆ ಕಾಗದ ಕೊಟ್ಟೆ, ಸಂಜೆ ಕಿವಿಯಿಲ್ಲದ ನಾಯಿಗಳನ್ನು ನೋಡಿ "ಚೆನ್ನಾಗಿದೆ" ಎಂದೆ, ಮೆಟ್ಟಿಲು ಹತ್ತಿದೆ.

ಆಷಾಢದ ಕೊನೆಯ ವಾರದಲ್ಲಿ ಹೆಬ್ಬಾಳದ ಫ್ಲೈಓವರಿನಲ್ಲಿ ಒಂದು ಗಂಟೆ ನಿಂತು ಬಂದ ಸಂಜೆ, ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಅಜ್ಜಿಯ ಮಡಿಲಲ್ಲಿ ಒಂದು ಚೌಕವಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅದರ ಒಂದು ಮೂಲೆ ಹೋಗಿತ್ತು.

"ಮತ್ತೆ ಮುರಿದ್ರಾ?" ಎಂದೆ. ದಣಿದಿದ್ದೆ; ದನಿ ಚೆನ್ನಾಗಿರಲಿಲ್ಲ.

"ಬುಡವ್ವಾ, ಒಂದು ಮೂಲೆಗೆ," ಎಂದರು ಅವರು.

ಎರಡನೇ ಮಹಡಿಗೆ ಬಂದು, ಬೀಗಕ್ಕೆ ಕೀಲಿ ಹಾಕುವಾಗ ನೆನಪಾಯಿತು: ಕಾಫಿ ಲೋಟ ಅವರ ಎಡಗೈಯಲ್ಲಿತ್ತು. ಬಿಸಿ ಲೋಟ, ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು. ಹಾಗಾದರೆ ಮೂಲೆ ಚಿವುಟಿದ್ದು ಯಾವ ಕೈ?

ಕೆಳಗಿಳಿದು ಹೋದೆ. "ಇನ್ನೊಂದು ಮೂಲೆ ಮುರೀರಿ," ಎಂದೆ.

"ಈಗ ತಾನೆ ಬೈದೆ."

"ಈಗ ಮುರೀರಿ ಅಂತಿದೀನಿ."

ಅವರು ಮುರಿಯಲು ಹೋದರು, ಆಗಲಿಲ್ಲ. ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಬೆರಳುಗಳು ಸೊಟ್ಟಗಾದವು. ನಾನು ಬೇಕೆಂದೇ ಒಳಗಿದ್ದ ಸೊಸೆಯ ಕಡೆ ತಿರುಗಿ ನೀರಿನ ಟ್ಯಾಂಕರಿನ ವಿಷಯ ತೆಗೆದೆ. ತಿರುಗಿ ನೋಡಿದಾಗ ಎರಡನೇ ಮೂಲೆಯೂ ಹೋಗಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಆ ಪುಟ್ಟ ತ್ರಿಕೋನ ಇನ್ನೂ ಇತ್ತು. ಫಿಸಿಯೋಥೆರಪಿಯ ಹುಡುಗಿ ಕೇಳಿದ್ದ ಹಿಡಿತ ಅದೇ. ಎಷ್ಟು ದಿನದಿಂದ ಬಂದಿತ್ತೋ, ಯಾರಿಗೂ ಗೊತ್ತಿಲ್ಲ. ನಾನು "ಚೆನ್ನಾಗಿದೆ" ಎನ್ನುತ್ತಾ ಮೆಟ್ಟಿಲು ಹತ್ತಿದ್ದೆ.

ಮರುದಿನ ಯಲಹಂಕದಿಂದ ಒಂದು ದಪ್ಪ ಪೆನ್ನು ತಂದುಕೊಟ್ಟೆ. ಸೊಸೆ ಮಲಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ಅಜ್ಜಿ ಬರೆಯುತ್ತಿದ್ದರು. ಬರೆದ ಕಾಗದವನ್ನು ಅಕ್ಷರ ಒಳಗಾಗುವ ಹಾಗೆ ನಾಯಿ ಮಾಡಿ ಇಡುತ್ತಿದ್ದರು, ಯಾರೂ ನೋಡಬಾರದೆಂದು. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಶ್ರಾವಣ ಹುಟ್ಟುವ ಹೊತ್ತಿಗೆ ನಾಲ್ಕು ಅಕ್ಷರಗಳಲ್ಲಿ ಮೂರು ನೆಟ್ಟಗಾಗಿದ್ದವು. ನಾಲ್ಕನೆಯದು ಗೆರೆ ಬಿಟ್ಟು ಕೆಳಕ್ಕೆ ಜಾರುತ್ತಿತ್ತು.

"ಒಂದ್ ಸೈನು ತಾನೆ," ಎಂದರು ಅಜ್ಜಿ. "ಆಕ್ತೀನಿ."

"ಒಂದು ಸೈನು, ಆರಾಮಾಗಿ ಹಾಕ್ತೀರಿ," ಎಂದೆ ನಾನೂ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಮಗ ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು.

"ಮೇಡಂ, ನಿಮ್ಮ ಆಧಾರ್ ಇದ್ಯಾ? ಸಾಕ್ಷಿಗೆ ಒಬ್ರು ಕಮ್ಮಿ. ನನ್ನ ಫ್ರೆಂಡು ಗೊರಗುಂಟೆಪಾಳ್ಯದಲ್ಲಿ ಸಿಕ್ಕಾಕೊಂಡವ್ನೆ, ಲಾರಿ ಕೆಟ್ಟು ನಿಂತೈತಂತೆ. ನಮ್ಮವ್ವ ನಿಮ್ಮನ್ನೇ ಕರಿ ಅಂತವ್ರೆ. ಬರೀ ಹಾಫ್ ಅವರ್ ಮೇಡಂ."

ನನ್ನ ಆಧಾರ್ ನಕಲನ್ನು ನಾನು ಯಾರಿಗೂ ಕೊಡುವುದಿಲ್ಲ. ಕೊಡಲೇಬೇಕಾದಾಗ ಅದರ ಮೇಲೆ ಯಾವ ಉದ್ದೇಶಕ್ಕೆ ಎಂದು ಅಡ್ಡಲಾಗಿ ಬರೆದು ಕೊಡುತ್ತೇನೆ. ಅವತ್ತು ಹಾಗೆ ಬರೆದು, ಕಾಲೇಜಿಗೆ ಅರ್ಧ ದಿನದ ರಜೆ ಹೇಳಿ ಹೊರಟೆ. ಅಜ್ಜಿ ರೇಷ್ಮೆ ಸೀರೆ ಉಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು. ದಪ್ಪ ಪೆನ್ನು ಕೈಯಲ್ಲೇ ಇತ್ತು.

ನೋಂದಣಿ ಕಚೇರಿಯ ಪಕ್ಕ, ಝೆರಾಕ್ಸ್ ಅಂಗಡಿಯ ಹಿಂದೆ, ಪತ್ರ ಬರೆಯುವವರ ಒಂದು ಕೋಣೆ. ಅಲ್ಲಿ ಎಲ್ಲರ ಸಹಿ ಮುಗಿಸಿ ಒಳಗೆ ಹೋಗಬೇಕು. ಒಳಗಿನ ಸರದಿ ಹನ್ನೆರಡೂವರೆಗೆ. ಒಂದೂವರೆಗೆ ರಾಹುಕಾಲ ಶುರುವಾಗುತ್ತದೆ, ಅಷ್ಟರೊಳಗೆ ಮುಗಿಯಲೇಬೇಕೆಂದು ಮಗ ದಾರಿಯುದ್ದಕ್ಕೂ ಹೇಳಿದ್ದರು. ಕಟ್ಟಡ ಕಟ್ಟುವವರು ಬಂದು ಸಹಿ ಹಾಕಿ ಹೊರಗೆ ಟೀ ಕುಡಿಯುತ್ತಿದ್ದರು. ಮಗನದ್ದೂ ಆಯಿತು. ಪತ್ರ ಬರೆಯುವವರು ಅಜ್ಜಿಯ ಮುಂದೆ ಮೊದಲು ಶಾಯಿಯ ಪ್ಯಾಡ್ ಇಟ್ಟರು. ಅಜ್ಜಿ ಅದನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಪೆನ್ನು ತೆಗೆದರು.

ಮೊದಲ ಸಹಿಗೆ ಎರಡು ನಿಮಿಷ ಹಿಡಿಯಿತು. ನಾಲ್ಕನೇ ಅಕ್ಷರ ಸ್ವಲ್ಪ ಜಾರಿತು, ಆದರೆ ಅಕ್ಷರವೇ. ಅಜ್ಜಿ ಪೆನ್ನಿಗೆ ಮುಚ್ಚಳ ಹಾಕಿದರು.

"ಆಯ್ತಾ ಅಮ್ಮ?" ಎಂದು ಪತ್ರ ಬರೆಯುವವರು ಹಾಳೆ ತಿರುವಿದರು. "ಇಲ್ಲಿ. ಆಮೇಲೆ ಇಲ್ಲಿ. ಪ್ರತಿ ಪುಟಕ್ಕೂ ಕೆಳಗಡೆ. ಇನ್ನು ಇಪ್ಪತ್ತೊಂದು."

ಅಜ್ಜಿ ನನ್ನ ಕಡೆ ನೋಡಿದರು.

ವಾರಕ್ಕೆ ಅರವತ್ತು ರೆಕಾರ್ಡುಗಳ ಪ್ರತಿ ಪುಟಕ್ಕೂ ಸಹಿ ಹಾಕುವವಳು ನಾನು. ಪತ್ರವೆಂದರೆ ಪುಟಗಳಿರುತ್ತವೆ, ಪುಟವೆಂದರೆ ಸಹಿ ಇರುತ್ತದೆ ಎಂಬುದು ಒಂದು ತಿಂಗಳಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಮಿಲಿಮೀಟರ್ ಅಳೆದು ಕಾಗದ ಕತ್ತರಿಸುತ್ತಾ ಕೂತಿದ್ದೆ. ಮೂಲೆ ಮುರಿದದ್ದಕ್ಕೆ ಅವರನ್ನು ಬೈದಿದ್ದೆ.

"ಅವ್ವಾ, ಸಾಕು. ಒಂದ್ ಹಾಕ್ದಲ್ಲ, ಆಸೆ ತೀರ್ತಲ್ಲ," ಎಂದರು ಮಗ. "ಮಿಕ್ಕಿದ್ದಕ್ಕೆ ಹೆಬ್ಬೆಟ್ಟು ಒತ್ಬಿಡು."

"ಹಾಗೆ ಅರ್ಧ ಅದು ಅರ್ಧ ಇದು ಆಗಲ್ಲ ಸಾರ್," ಎಂದರು ಪತ್ರ ಬರೆಯುವವರು. "ಒಳಗಡೆ ಒಪ್ಪಲ್ಲ. ಹೆಬ್ಬೆಟ್ಟಾದ್ರೆ ಎಲ್ಲಾದಕ್ಕೂ ಹೆಬ್ಬೆಟ್ಟು. ಈ ಫಸ್ಟ್ ಪೇಜು ಬೇರೆ ಪ್ರಿಂಟ್ ತೆಕ್ಕೊಡ್ತೀನಿ, ಎರಡು ನಿಮಿಷ."

ಅವರು ಮೊದಲ ಹಾಳೆಯನ್ನು ಎತ್ತಿಕೊಳ್ಳಲು ಕೈ ಚಾಚಿದರು. ಅಜ್ಜಿ ಅದರ ಮೇಲೆ ಎಡಗೈ ಇಟ್ಟರು.

"ಅದು ಇರ್ಲಿ. ಮುಂದಿನ್ದು ತೆಗಿ."

ನಾನು ಅವರ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಜರುಗಿ, ಹಾಳೆ ಅಲುಗದ ಹಾಗೆ ಎರಡು ಕಡೆ ಹಿಡಿದುಕೊಂಡೆ. ಎರಡನೆಯದು, ಮೂರನೆಯದು. ಆರನೆಯದಕ್ಕೆ ಬೆರಳು ಬಿಗಿಯಿತು. ಪೆನ್ನು ಕೆಳಗಿಟ್ಟು, ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಮತ್ತೆ ಹಿಡಿದರು. ಹೊರಗೆ ಮಗ ಫೋನಿನಲ್ಲಿ ಮಾತಾಡುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು.

"ಇಲ್ಲ ಮಚ್ಚಾ, ಇನ್ನೂ ಇಲ್ಲೇ ಇದೀನಿ. ನಮ್ಮವ್ವ ಅಕ್ಷರಾಭ್ಯಾಸ ಮಾಡ್ತಾ ಅವ್ರೆ."

ಅಜ್ಜಿ ತಲೆ ಎತ್ತದೆ ನನಗೆ ಹೇಳಿದರು: "ಅವ್ನು ಎಸ್ಸೆಲ್ಸಿ ಮೂರು ಸಲ ಬರ್ದ. ಆಗ ನಾನು ಏನಾನಾ ಅಂದ್ನಾ ಕೇಳು."

ಹನ್ನೆರಡೂವರೆ ಆಗಿ ಹೋಯಿತು. ಒಳಗೆ ನಮ್ಮ ಸರದಿಯನ್ನು ಬೇರೆ ಯಾರಿಗೋ ಕೊಟ್ಟರು. ಮಗ ಒಳಗೆ ಹೋಗಿ ಏನೋ ಕೇಳಿಕೊಂಡು ಬಂದರು, ಮುಖ ಕೆಂಪಾಗಿತ್ತು. ಹದಿನಾಲ್ಕನೇ ಪುಟದಲ್ಲಿ ಮೂರನೇ ಅಕ್ಷರ ಸರಿಯಾಗಿ ಮೂಡಲಿಲ್ಲ, ಅದೊಂದು ಗೀಟಾಯಿತು. ಪತ್ರ ಬರೆಯುವವರು ಕನ್ನಡಕದ ಮೇಲಿನಿಂದ ಬಗ್ಗಿ ನೋಡಿದರು.

"ಎಲ್ಲಾ ಒಂದೇ ಥರ ಇರ್ಬೇಕಲ್ಲಮ್ಮ. ಇದೇನಿದು, ಇದೊಂದು ಥರ, ಅದೊಂದು ಥರ."

"ಸುಮ್ಮನಿರ್ರಿ ನೀವು," ಎಂದೆ. "ಒಬ್ಬರ ಕೈ ಅದ. ಯಂತ್ರ ಅಲ್ಲ. ಅವರ ಸಹಿ ಅವರು ಮಾಡ್ಲಿಕ್ಕತ್ತಾರ, ನಾ ಕಣ್ಣಾರೆ ನೋಡ್ಲಿಕ್ಕತ್ತೀನಿ. ಸಾಕ್ಷಿ ಅಂತ ಕರಕೊಂಡು ಬಂದಿದ್ದು ಅದಕ್ಕ ಅಲ್ಲೇನ್ರಿ?"

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಝೆರಾಕ್ಸ್ ಅಂಗಡಿಯವನು ಇಣುಕಿ ನೋಡಿದ. ಪತ್ರ ಬರೆಯುವವರು ಕನ್ನಡಕ ಸರಿಮಾಡಿಕೊಂಡು, "ಆಯ್ತು ಮೇಡಂ, ನಂದೇನು," ಎಂದು ಹಿಂದಕ್ಕೆ ಒರಗಿದರು. ಅಜ್ಜಿ ಈ ಸಲ ನನ್ನ ಮಾತನ್ನು ಅಣಕಿಸಲಿಲ್ಲ. ಹದಿನೈದನೇ ಪುಟಕ್ಕೆ ಹೋದರು.

ಕೊನೆಯ ನಾಲ್ಕು ಸಹಿಗಳು ಸುಂದರವಾಗಿರಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಮತ್ತೆ ಬರಿ ಎನ್ನುತ್ತಿದ್ದೆ. ಇಪ್ಪತ್ತೆರಡೂ ಮುಗಿದಾಗ ಒಂದು ಗಂಟೆ ಐದು ನಿಮಿಷ. ಅಜ್ಜಿ ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡು, ಹಾಳೆಗಳನ್ನು ನಾನು ಜೋಡಿಸುವುದನ್ನು ನೋಡುತ್ತಾ ಕೂತರು. ಆಮೇಲೆ ಸಾಕ್ಷಿಯ ಜಾಗದಲ್ಲಿ ನಾನು ನನ್ನ ಸಹಿ ಹಾಕಿದೆ.

ಒಳಗೆ ನಮ್ಮನ್ನು ಹೇಗೋ ಸೇರಿಸಿಕೊಂಡರು. ಅಲ್ಲಿ ಒಂದು ಕಂಪ್ಯೂಟರ್, ಒಂದು ಸಣ್ಣ ಕ್ಯಾಮೆರಾ, ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಗಾಜಿನ ಪೆಟ್ಟಿಗೆ. ಕಂಪ್ಯೂಟರಿನ ಮುಂದಿದ್ದ ಹುಡುಗಿ ತಲೆ ಎತ್ತದೆ, "ಫೋಟೋ ಆದ್ಮೇಲೆ ಎಡಗೈ ಹೆಬ್ಬೆಟ್ಟು ಇಡಿ," ಎಂದಳು.

ಮಗ ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಇದು ನನಗೆ ಗೊತ್ತಿರಲಿಲ್ಲ. ಮಗನಿಗೆ ಗೊತ್ತಿತ್ತು, ಹೇಳಿರಲಿಲ್ಲ. ಅಜ್ಜಿ ಬೆಳಗಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಈಗ ಇಲ್ಲಿ ಸಿಡಿಯುತ್ತದೆ ಎಂದು ನಾನು ಗೋಡೆಯ ಕಡೆ ಸರಿದೆ.

"ಎಲ್ರುದೂನಾ?" ಎಂದು ಕೇಳಿದರು ಅಜ್ಜಿ.

"ಎಲ್ಲರದ್ದೂ ಅಮ್ಮ. ಓದಿರಲಿ, ಓದದೇ ಇರಲಿ."

"ಇವ್ನುದೂನಾ?"

"ಅವರದ್ದೂ."

"ಅಂಗಾದ್ರೆ ಇವ್ನು ಮೊದ್ಲು ಒತ್ಲಿ."

ಮಗ ಕೂತು ಗಾಜಿನ ಮೇಲೆ ಹೆಬ್ಬೆರಳಿಟ್ಟರು. ಯಂತ್ರ ಕೆಂಪು ದೀಪ ತೋರಿಸಿತು. ಒರೆಸಿ ಇಡಿ ಎಂದಳು ಹುಡುಗಿ. ಪ್ಯಾಂಟಿಗೆ ಒರೆಸಿ ಇಟ್ಟರು, ಮತ್ತೆ ಕೆಂಪು. ಗೋಡೆಯ ಗಡಿಯಾರದಲ್ಲಿ ಒಂದು ಹದಿನೆಂಟು. ಕಟ್ಟಡ ಕಟ್ಟುವವರು ಹಿಂದಿನಿಂದ "ಏನ್ ಗುರು ಇದು" ಎಂದರು. ಮಗ ಬೆವರುತ್ತಾ ಮೂರನೇ ಸಲ, ನಾಲ್ಕನೇ ಸಲ ಒತ್ತಿದರು.

ಅಜ್ಜಿ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಆ ಪುಟ್ಟ ಗಾಜಿನ ಮೇಲೆ ಕಣ್ಣಿಟ್ಟಿದ್ದರು.

"ನಿಧಾನ್ವಾಗಿ ಒತ್ತು ಕಣೋ," ಎಂದರು. "ಟೈಮ್ ಐತೆ."